ಒಲ್ಲೆ ಅಂದವರನ್ನು ಮತ್ತೆ ಕೇಳದ ದೇಶ

ರಾಯಬಾಗ

ವಿಲಾಯತಿಗೆ ಹೋಗಿ ಬಂದವರು ಅಲ್ಲಿಯ ರಸ್ತೆಗಳು ಕನ್ನಡಿಯಂತಿವೆ, ಜನ ದೇವರಂಥವರು, ಹುಡುಕಿದರೂ ಒಂದು ಕಸಕಡ್ಡಿ ಸಿಗುವುದಿಲ್ಲ ಎಂದು ಬರೆಯುತ್ತಾರೆ. ಓದಿ ಓದಿ ನಿಮಗೂ ಸಾಕಾಗಿರಬೇಕು. ನಾನು ಬರೆಯುವುದು ಹಸಿವಿನ ಬಗ್ಗೆ. ಇಂಗ್ಲಿಷ್ ಕಲಿಸುವ ಹೊಸ ವಿದ್ಯೆಯೊಂದನ್ನು ಕಲಿಯಲು ಇಂಗ್ಲಿಷರ ನಾಡಿಗೇ ಹೋಗಿ, ಅಲ್ಲಿದ್ದಷ್ಟು ದಿನವೂ ಅರೆಹೊಟ್ಟೆಯಲ್ಲಿದ್ದು ಬಂದವಳು ನಾನು.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ತವರು ದಿಗ್ಗೇವಾಡಿ, ಕೆಲಸ ರಾಯಬಾಗದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ನಮ್ಮ ಸಂಸ್ಥೆಗೆ ಗಂಡುಮಕ್ಕಳ ಶಾಲೆಯೂ ಒಂದಿತ್ತು. ಎರಡಕ್ಕೂ ಒಬ್ಬರೇ ಚೇರಮನ್ನರು. ಅಂಗೈಯಲ್ಲಿ ತಂಬಾಕು ತಿಕ್ಕುತ್ತಲೇ ಊರಿನ ಭವಿಷ್ಯ ಬರೆಯುವ ಮನುಷ್ಯ. ಕಮಿಟಿ ಮೀಟಿಂಗಿನ ಕೊನೆಗೆ ಅವರು ತಪ್ಪದೆ ನಮ್ಮ ಕಡೆ ತಿರುಗಿ, "ಅಕ್ಕೋರ, ನಿಮ್ಮದೇನರ ಹೇಳೂದೈತೇನ್ರಿ?" ಎಂದು ಕೇಳುತ್ತಿದ್ದರು. ನಾವು ತಲೆ ತಗ್ಗಿಸಿ "ಏನಿಲ್ರಿ" ಎನ್ನುತ್ತಿದ್ದೆವು. ಅವರು "ಏನೂ ಇಲ್ಲ" ಎಂದು ಬರೆದುಕೊಂಡು ಚಹಾ ತರಿಸುತ್ತಿದ್ದರು. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು.

ತರಬೇತಿಗೆ ನಮ್ಮ ಭಾಗದಿಂದ ಇಬ್ಬರನ್ನು ಆರಿಸಿದಾಗ ಒಂದು ಹೆಸರು ನನ್ನದು ಬಂತು. ಚೇರಮನ್ನರ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು. ಅವರ ತಲೆಯಲ್ಲಿ ಗಂಡುಮಕ್ಕಳ ಶಾಲೆಯ ಮಾಸ್ತರರೊಬ್ಬರಿದ್ದರು.

"ಹೆಸರ ಬಂದೈತಿ, ಹೋಗ್ರಿ. ಬ್ಯಾಡ ಅನ್ನಾಕ ನಾ ಯಾರು? ಆದ್ರ ಒಂದ ಮಾತು," ಎಂದರು. "ಸರ್ಟಿಫಿಕೇಟ ತಂದ್ರಿ, ಚಲೋ ಆತು. ತರಲಿಲ್ಲಂದ್ರ ಇನ್ನ ಮ್ಯಾಲ ಇಂಥಾ ಟ್ರೇನಿಂಗಿಗೆ ಹೆಣ್ಮಕ್ಕಳ ಸಾಲಿ ಹೆಸರ ಹೋಗೂದಿಲ್ಲ. ಗಂಡಸೂರ ಹೋಗ್ತಾರ."

ಅದರಿಂದ ನನಗೇನೂ ನಷ್ಟವಿರಲಿಲ್ಲ, ನಾನು ಹೇಗಿದ್ದರೂ ಹೊರಟಿದ್ದೆ. ನನ್ನ ಚಿಂತೆ ಶೋಭಾಳದು. ಐಗಳಿಯ ಹುಡುಗಿ, ನಮ್ಮಲ್ಲಿ ಎಂಟನೆಯ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತಿದ್ದಳು. ನನಗಿಂತ ಎರಡು ಪಟ್ಟು ಬುದ್ಧಿಯವಳು, ಆದರೆ ಬಾಯಿ ಸತ್ತವಳು. ಮುಂದಿನ ಸಲ ಹೋಗಬೇಕಾದವಳು ಅವಳೇ. ನಾನು ಬರಿಗೈಯಲ್ಲಿ ಬಂದರೆ ಬಾಗಿಲು ಮುಚ್ಚುವುದು ಅವಳ ಮುಖದ ಮೇಲೆ. ನಿಲ್ದಾಣಕ್ಕೆ ಬಂದು ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕೈಗಿತ್ತು, "ತರ್ತೀರಲ್ಲ, ಅಕ್ಕೋರ?" ಎಂದಷ್ಟೇ ಕೇಳಿದಳು. ತರ್ತೀನಿ ಎಂದೆ.

ಮುಂಬೈ

ತರಬೇತಿಗೆ ಆರಿಸಿದ ಇನ್ನೊಬ್ಬರು ಭೋಜ ಎಂಬ ಊರಿನ ಚೌಗುಲೆ ಸರ್. ತಂಬಾಕಿನ ಹೊಲದವರು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ, ಸಿಟ್ಟು ಬಂದರೆ ಮಾತ್ರ ಇಂಗ್ಲಿಷ್. ನಿಪ್ಪಾಣಿಯಿಂದ ಮುಂಬೈತನಕ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ವಿಮಾನ ಹತ್ತಿದೆವು. ಗಗನಸಖಿ ಊಟದ ಗಾಡಿ ತಳ್ಳಿಕೊಂಡು ಬಂದು ಸರ್ ಅವರನ್ನು ಬೇಕೇ ಎಂದು ಕೇಳಿದಳು. ಸರ್ ಎದೆಯ ಮೇಲೆ ಕೈಯಿಟ್ಟು, ಮದುವೆಮನೆಯ ಬೀಗರಂತೆ ನಕ್ಕು, "ನೋ ನೋ, ಥ್ಯಾಂಕ್ಯೂ" ಎಂದರು. ಗಾಡಿ ಮುಂದೆ ಹೋಯಿತು.

ಸರ್ ಕತ್ತು ಹೊರಳಿಸಿ ಗಾಡಿ ಹೋದ ದಿಕ್ಕನ್ನೇ ನೋಡಿದರು. "ಕಾಯ್ ಹೋ ಅಕ್ಕೋರ, ಹೋಗೇ ಬಿಟ್ಲಲ್ರಿ! ಇನ್ನೊಮ್ಮಿ ಕೇಳಬ್ಯಾಡೇನು?"

"ನೀವ ಬ್ಯಾಡ ಅಂದ್ರೆಲ್ಲ?"

"ಅನ್ನಬೇಕಲ್ರಿ! ಮೊದಲನೇ ಸಲಾನ ಹೂಂ ಅಂದ್ರ, ಹಸದ ಬಂದಾನ ಅನ್ನೂದಿಲ್ಲೇನು?"

ಬಿದ್ದು ಬಿದ್ದು ನಕ್ಕೆ. ನನ್ನ ತಟ್ಟೆಯಲ್ಲಿದ್ದ ಬ್ರೆಡ್ಡು ಕೊಡಹೋದರೆ ಅದಕ್ಕೂ ಎರಡು ಸಲ ಬ್ಯಾಡ್ರಿ ಎಂದು ಮೂರನೆಯ ಸಲಕ್ಕೆ ತೆಗೆದುಕೊಂಡರು. ಇಂಥವರನ್ನು ಕಟ್ಟಿಕೊಂಡು ಏಳು ಸಮುದ್ರ ದಾಟಬೇಕಲ್ಲ ಶಿವನೇ ಎಂದುಕೊಂಡೆ. ನಗುವವರ ಮುಂದೆ ಎಡವಿ ಬೀಳುವ ಸರದಿ ನನ್ನದೂ ಇದೆ ಎಂದು ಆಗ ಹೊಳೆಯಲಿಲ್ಲ.

ಲೆಸ್ಟರ್, ಡೋರೀನಳ ಮನೆ

ತರಬೇತಿ ಇದ್ದದ್ದು ಇಂಗ್ಲೆಂಡಿನ ಈ ಊರಿನಲ್ಲಿ; ನನ್ನನ್ನು ಡೋರೀನ್ ಎಂಬ ಹೆಂಗಸಿನ ಮನೆಯಲ್ಲಿ ಇಳಿಸಿದರು. ಚೌಗುಲೆ ಸರ್‌ಗೆ ಮುಂದಿನ ಓಣಿಯಲ್ಲಿ ಒಂದು ಕೋಣೆ. ಡೋರೀನ್ ಕೆಟ್ಟವಳಲ್ಲ. ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟಿದ್ದಳು, ನನ್ನ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊದಲ ದಿನದ ಊಟಕ್ಕೆ ಬೇಯಿಸಿದ ಬಟಾಟೆ, ಬಟಾಣಿ, ಉಪ್ಪು ಖಾರ ಯಾವುದರ ಗುರುತೂ ಇಲ್ಲದ ಇನ್ನೊಂದು ಪದಾರ್ಥ. ಒಂದು ಬಟಾಟೆ ತಿಂದು ಮುಗಿಸಿದ್ದೆ. "ಇನ್ನಷ್ಟು ಬೇಕೆ?" ಎಂದಳು.

"ನೋ, ಥ್ಯಾಂಕ್ಯೂ" ಎಂದೆ.

ಹಸಿದಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಬಾಯಿಗೆ ಅಭ್ಯಾಸವಾದದ್ದು ಅದೇ. ಡೋರೀನ್ ಸಂತೋಷದಿಂದ ಬಟಾಟೆಯ ಪಾತ್ರೆಯನ್ನೆತ್ತಿ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದಳು. ಆ ಬಿಳಿಯ ಬಾಗಿಲನ್ನು ನೋಡುತ್ತ ಕುಳಿತೆ.

ನಮ್ಮ ಕಡೆ ಹೀಗೆ ಮಾಡಿದವಳ ಮನೆಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಬೇಡ ಅನ್ನುವುದು ಉಣ್ಣುವವನ ಧರ್ಮ, ಬಿಡದೆ ಬಡಿಸುವುದು ಮನೆಯವಳ ಧರ್ಮ. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಇವಳು ಬೆರಳ ಸಂದಿಯಿಂದ ತುಪ್ಪ ಸುರಿಯಬೇಕು. ಅವನು ಏಳಹೋಗಬೇಕು, ಇವಳು "ನನ್ನ ಆಣಿ ಐತಿ" ಎಂದು ಕೂರಿಸಬೇಕು. ಸಣ್ಣವಳಿದ್ದಾಗ ದಿಗ್ಗೇವಾಡಿಯ ಮದುವೆ ಪಂಕ್ತಿಯಲ್ಲಿ ಕೇಳಿದೊಡನೆ ಹೂಂ ಎಂದದ್ದಕ್ಕೆ ಅವ್ವ ನನ್ನ ತೊಡೆ ಚಿವುಟಿದ್ದು ಇನ್ನೂ ನೆನಪಿದೆ. ಆ ಚಿವುಟಿದ ಗುರುತು ಹೋದರೂ ಭಯ ಹೋಗಿಲ್ಲ.

ಹೀಗಾಗಿ ದಿನಾ ಅದೇ ನಾಟಕ. ಅವಳು ಕೇಳುವುದು, ನಾನು ಬೇಡ ಎನ್ನುವುದು, ಫ್ರಿಜ್ಜು ಮುಚ್ಚುವುದು. ಆಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಶೋಭಾ ಕೊಟ್ಟ ಖಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದೆ. ಖಡಕ್ ರೊಟ್ಟಿಯನ್ನು ಕದ್ದು ತಿನ್ನಲು ಆಗುವುದಿಲ್ಲ, ತಿಂದು ನೋಡಿದವರಿಗೆ ಗೊತ್ತು. ಒಂದು ದಿನ ಬೆಳಿಗ್ಗೆ ಡೋರೀನ್ ಗಾಬರಿಯಿಂದ, "ಮಹಡಿಯಲ್ಲಿ ಇಲಿ ಸೇರಿಕೊಂಡಿದೆ, ಕಟಂ ಕಟಂ ಸದ್ದು ಕೇಳುತ್ತದೆ" ಎಂದಳು. ನನ್ನ ಕೋಣೆಯ ಬಾಗಿಲಿಗೇ ಇಲಿಬೋನು ಇಟ್ಟಳು. ಬೋನಿನಲ್ಲಿಟ್ಟ ಚೀಸಿನ ತುಂಡು ನನಗೆ ಬಡಿಸಿದ್ದಕ್ಕಿಂತ ದೊಡ್ಡದಿತ್ತು.

ತರಬೇತಿಯ ಕೋಣೆ

ಈಗ ಆ ಹೊಸ ವಿದ್ಯೆಯ ಬಗ್ಗೆ ಹೇಳುತ್ತೇನೆ. ಕಲಿಸಿದವರು ಮಾರ್ಗರೆಟ್ ಎಂಬ ಮೇಡಂ. ಪಾಠ ಹೇಳಬೇಡಿ, ವ್ಯಾಕರಣ ಹೇಳಬೇಡಿ, ತಪ್ಪು ತಿದ್ದಬೇಡಿ. ಮಕ್ಕಳಿಗೆ ಒಂದು ಕೆಲಸ ಕೊಡಿ. ಅದನ್ನು ಅವರು 'ಟಾಸ್ಕ್' ಎನ್ನುತ್ತಿದ್ದರು. ನಕ್ಷೆ ನೋಡಿ ದಾರಿ ಹುಡುಕುವುದು, ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣ ಗೊತ್ತುಮಾಡುವುದು, ಇಂಥವು. ಕೆಲಸ ಮುಗಿಸುವ ಭರದಲ್ಲಿ ಮಕ್ಕಳು ಮಾತಾಡಲೇಬೇಕಾಗುತ್ತದೆ, ಮಾತಾಡುತ್ತ ಆಡುತ್ತ ಭಾಷೆ ತಾನಾಗಿ ಬರುತ್ತದೆ. ಇದು ಅವರ ಮಂತ್ರ.

ಕೇಳಲು ಚೆಂದ. ಆದರೆ ನನ್ನ ಕ್ಲಾಸಿನಲ್ಲಿ ಎಪ್ಪತ್ತು ಹುಡುಗಿಯರು, ಒಂದು ಬೆಂಚಿಗೆ ಐದು. ಎದುರುಬದುರು ಕೂರಿಸಿ ಎಂದರು ಮೇಡಂ. ನಾನು ಹಾಗೆ ಕೂರಿಸಿದರೆ ಅರ್ಧ ಹುಡುಗಿಯರು ಕಿಟಕಿಯ ಹೊರಗೆ ಕೂರಬೇಕು. ಇನ್ನು ನಕ್ಷೆ ನೋಡಿ ದಾರಿ ಹೇಳುವ ಟಾಸ್ಕಂತೆ! ರಾಯಬಾಗದಲ್ಲಿ ಯಾರಾದರೂ ದಾರಿ ಕೇಳಿದರೆ ಬಾಯಲ್ಲಿ ಹೇಳುತ್ತೇವೆಯೇ? ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲತನಕ ಬಿಟ್ಟು ಬರುತ್ತೇವೆ.

ಇದರಲ್ಲಿ ಹೊಟ್ಟೆ ಉರಿಯುವ ಮಾತು ಒಂದಿದೆ. ಒಂದು ದಿನ ಮೇಡಂ ಬಹಳ ಅಭಿಮಾನದಿಂದ, "ಈ ಪದ್ಧತಿಯ ದೊಡ್ಡ ಪ್ರಯೋಗ ನಡೆದದ್ದು ನಿಮ್ಮ ದಕ್ಷಿಣ ಭಾರತದ ಶಾಲೆಗಳಲ್ಲೇ, ಬೆಂಗಳೂರಿನ ಕಡೆ" ಎಂದರು. ಚೌಗುಲೆ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಚಿಕ್ಕೋಡಿಯಲ್ಲಿ ಸಂಜೆ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಬೆಂಗಳೂರು. ಅಲ್ಲಿಂದ ಒಬ್ಬರೂ ನಮ್ಮ ಕಡೆ ತಿರುಗಿ ನೋಡಲಿಲ್ಲ, ನಾವು ಲೆಸ್ಟರಿಗೆ ಬಂದು ಕೇಳಬೇಕಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಇದಕ್ಕೇ.

ಮತ್ತೊಂದು ದಿನದ ಟಾಸ್ಕು: ಆಕಾಶದಲ್ಲಿ ಒಂದು ಬಲೂನು, ಅದರಡಿಯ ಬುಟ್ಟಿಯಲ್ಲಿ ಮುದುಕ, ಹಾಡುಗಾರ್ತಿ, ಹೀಗೆ ಐದು ಜನ. ಬಲೂನಿಗೆ ತೂತು ಬಿದ್ದಿದೆ. ಒಬ್ಬರನ್ನು ಕೆಳಗೆ ದಬ್ಬಿದರೆ ಉಳಿದವರು ಬದುಕುತ್ತಾರೆ. ಯಾರನ್ನು ದಬ್ಬಬೇಕು? ಚರ್ಚಿಸಿ ತೀರ್ಮಾನಿಸಿ. ಬೇರೆ ದೇಶದ ಮಾಸ್ತರರೆಲ್ಲ ಉತ್ಸಾಹದಿಂದ ಮುದುಕನನ್ನು ದಬ್ಬಿ, ಹಾಡುಗಾರ್ತಿಯನ್ನು ದಬ್ಬಿ ಎಂದು ಕೂಗಾಡಿದರು. ಮೇಡಂ ಚೌಗುಲೆ ಸರ್ ಅವರ ಅಭಿಪ್ರಾಯ ಕೇಳಿದರು.

"ಯಾರನ್ನೂ ದಬ್ಬುವುದು ಬೇಡ ಮೇಡಂ. ನಮ್ಮ ಅಥಣಿ ಬಸ್ಸಿನಲ್ಲಿ ಎಷ್ಟು ಜನ ಹತ್ತಿದರೂ ಸ್ವಲ್ಪ ಸರಿದು ಕೂರಿ ಎನ್ನುತ್ತಾರೆ, ಇಳಿಸುವುದಿಲ್ಲ" ಎಂದರು ಸರ್, ಇಂಗ್ಲಿಷಿನಲ್ಲೇ. ಸಿಟ್ಟು ಬಂದಿತ್ತು ಅವರಿಗೆ.

ಟಾಸ್ಕ್ ಮುಗಿಯಲಿಲ್ಲ ಎಂದು ಮೇಡಂ ಬೇಸರಪಟ್ಟರು. ಅವರಿಗೆ ಎಲ್ಲವೂ ಮುಗಿಯಬೇಕು. ಸರ್ಟಿಫಿಕೇಟಿನ ಕಟ್ಟಳೆಯೂ ಅದೇ. ಕೊನೆಯ ವಾರ ಇಬ್ಬಿಬ್ಬರು ಸೇರಿ, ತಾವೇ ಕಟ್ಟಿದ ಒಂದು ಟಾಸ್ಕನ್ನು ನಿಜವಾದ ಕ್ಲಾಸಿನಲ್ಲಿ ಮಾಡಿಸಿ ತೋರಿಸಬೇಕು. ಗಂಟೆ ಬಾರಿಸುವುದರೊಳಗೆ ಕೆಲಸ ಮುಗಿದಿರಬೇಕು. ಮುಗಿಯದಿದ್ದರೆ ಸರ್ಟಿಫಿಕೇಟಿಲ್ಲ.

ಹೆಂಗಸರ ಕ್ಲಾಸು

ನಮಗೆ ಸಿಕ್ಕದ್ದು ಲೆಸ್ಟರಿನಲ್ಲೇ ನೆಲೆಸಿದ್ದ ಗುಜರಾತಿ ಹೆಂಗಸರ ಇಂಗ್ಲಿಷ್ ಕ್ಲಾಸು. ಬಂದು ಎಷ್ಟೋ ವರ್ಷವಾದರೂ ಬಾಯಿ ಬಿಡದವರು ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಸೆರಗು ಹೊದ್ದು ಗೋಡೆಗೆ ಆನಿಕೊಂಡು ಕುಳಿತಿದ್ದವರನ್ನು ನೋಡಿ ನನಗೆ ನಮ್ಮ ಕಮಿಟಿ ಮೀಟಿಂಗೇ ನೆನಪಾಯಿತು.

ನಾನು ನಕ್ಷೆ ತೆಗೆಯಲಿಲ್ಲ, ಬಲೂನು ಹಾರಿಸಲಿಲ್ಲ. ಉಳಿದಿದ್ದ ಕೊನೆಯ ಖಡಕ್ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಪಕ್ಕಕ್ಕೆ ಶೇಂಗಾ ಚಟ್ನಿ ಬಡಿಸಿದೆ. ಚೌಗುಲೆ ಸರ್ ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. "ಇವರು ಅತಿಥಿ. ಇವರಿಗೆ ಈ ರೊಟ್ಟಿ ಉಣಿಸಬೇಕು. ಮಾತೆಲ್ಲ ಇಂಗ್ಲಿಷಿನಲ್ಲಿ. ಉಂಡರೆ ಕೆಲಸ ಮುಗಿಯಿತು" ಎಂದೆ. ಮೊದಲು ಮೇಡಮ್ಮನವರೇ ಮಾಡಿ ತೋರಿಸಲಿ ಎಂದು ಕರೆದೆ.

ಮೇಡಂ ತಟ್ಟೆ ಹಿಡಿದು ಬಂದು ರೊಟ್ಟಿ ಬೇಕೇ ಎಂದು ಕೇಳಿದರು. ಸರ್ "ನೋ, ಥ್ಯಾಂಕ್ಯೂ" ಎಂದರು. "ಸರಿ" ಎಂದು ಮೇಡಂ ತಟ್ಟೆಯನ್ನು ಹಿಂದಕ್ಕಿಟ್ಟು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಗೋಡೆಗೆ ಆನಿದ್ದ ಹೆಂಗಸರೆಲ್ಲ ಹೋ ಎಂದು ನಕ್ಕರು.

ಜಶುಬೆನ್ ಎಂಬ ದಪ್ಪ ಹೆಂಗಸು ಸೆರಗು ಸಿಕ್ಕಿಸಿಕೊಂಡು ಎದ್ದಳು. "ವಾಟ್ ನೋ?" ಎಂದು ಸರ್ ಮುಂದೆ ತಟ್ಟೆ ಕುಕ್ಕಿದಳು. "ಮೈ ಹೌಸ್ ಕಮ್, ನೋ ಈಟ್? ಯೂ ನೋ ಈಟ್, ಐ ಆಲ್ಸೋ ನೋ ಈಟ್! ಐ ಸಿಟ್ ಹಿಯರ್!"

"ನೋ ನೋ, ಸಿಸ್ಟರ್, ಸ್ಟಮಕ್ ಫುಲ್" ಎಂದರು ಸರ್. ಅಷ್ಟರಲ್ಲಿ ಅವರ ಹೊಟ್ಟೆ ಗುರ್ ಎಂದದ್ದು ಕಡೆಯ ಸಾಲಿಗೂ ಕೇಳಿಸಿತು.

"ಲೈಯರ್!" ಎಂದಳು ಇನ್ನೊಬ್ಬಳು. "ಸ್ಟಮಕ್ ಶೌಟಿಂಗ್!" ಎಂದಳು ಮತ್ತೊಬ್ಬಳು. "ಪೀಪಲ್ ವಾಟ್ ವಿಲ್ ಸೇ? ಜಶುಬೆನ್ ನಾಟ್ ಗಿವಿಂಗ್ ಫುಡ್!" ಎಂದು ಜಶುಬೆನ್ ಹಣೆ ಬಡಿದುಕೊಂಡಳು. ಎಲ್ಲರೂ ಎದ್ದು ಬಂದು ಸುತ್ತುಗಟ್ಟಿದರು. ನಿಮ್ಮ ಹೆಂಡತಿ ಇದಕ್ಕಿಂತ ಚೆನ್ನಾಗಿ ಮಾಡುತ್ತಾಳೇನು ಎಂದು ಒಬ್ಬಳು, ಡಯಾಬಿಟಿಸ್ ಇದೆಯೇ ಎಂದು ಇನ್ನೊಬ್ಬಳು, ಎಲ್ಲ ಇಂಗ್ಲಿಷಿನಲ್ಲೇ. ವರ್ಷಗಟ್ಟಲೆ ಬಾಯಿ ಬಿಡದವರು! ಮೇಡಂ ಕಣ್ಣರಳಿಸಿ ನೋಡುತ್ತಿದ್ದರು. ಆ ವಿದ್ಯೆಯನ್ನು ಅಷ್ಟು ದಿನ ಬೈದುಕೊಂಡವಳು ನಾನು. ಕೆಲಸ ಕೊಟ್ಟರೆ ಭಾಷೆ ಬರುತ್ತದೆ ಎನ್ನುವುದು ಪೂರಾ ಸುಳ್ಳಲ್ಲ ಎಂದು ಆಗ ಒಪ್ಪಿಕೊಂಡೆ. ಕೆಲಸ ಮಾತ್ರ ನಮ್ಮದಾಗಿರಬೇಕು.

ಆದರೆ ಗಡಿಯಾರ ನಿಲ್ಲಲಿಲ್ಲ. ಚೌಗುಲೆ ಸರ್ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮೈ ಬಾಗಿಸಿ, ಜೀವಮಾನದಲ್ಲೇ ಮಾಡದಂಥ ಸೊಗಸಾದ ನಿರಾಕರಣೆ ಮಾಡುತ್ತಿದ್ದರು. ನಾನು ಕನ್ನಡದಲ್ಲೇ ಪಿಸುಗುಟ್ಟಿದೆ.

"ಸರ್ರ, ಟೈಮ ಆಗಾಕತ್ತೈತಿ, ಹೂಂ ಅನ್ರಿ!"

"ತಡೀರಿ ಅಕ್ಕೋರ. ಇಷ್ಟ ಪ್ರೀತಿಲೇ ಕೇಳಾಕತ್ತಾರ. ಲಗೂನ ಹೂಂ ಅಂದ್ರ ಅವರಿಗೆ ಅಪಮಾನ ಆಗತೈತಿ."

"ನನ್ನ ಸರ್ಟಿಫಿಕೇಟ ಹೋಗತೈತ್ರಿ ಮಾರಾಯಾ!"

"ಇನ್ನೊಂದ ಸಲ ಕೇಳ್ಲಿ, ಅಂತೀನಿ."

ಇನ್ನೊಂದು ಸಲ ಕೇಳಲು ಜಶುಬೆನ್‌ಗೆ ತಾಳ್ಮೆ ಉಳಿದಿರಲಿಲ್ಲ. ತನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿ, ರೊಟ್ಟಿ ಮುರಿದು ಸರ್ ಬಾಯಿಗೇ ತುರುಕಿದಳು. ಸರ್ ಕಣ್ಣು ಮುಚ್ಚಿ ಅಗಿದರು. ಕಟಂ ಎಂದಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅದರ ಹಿಂದೆಯೇ ಗಂಟೆ ಹೊಡೆಯಿತು.

ನಾವು ಗೆದ್ದೆವು ಎಂದೇ ನಾನು ತಿಳಿದೆ.

ಮಾರ್ಗರೆಟ್ ಮೇಡಂ ಕೋಣೆ

ಮರುದಿನ ಮೇಡಂ ನಮ್ಮಿಬ್ಬರನ್ನೂ ಕರೆಸಿದರು. ಕ್ಲಾಸು ಬಹಳ ಕಳೆಕಟ್ಟಿತ್ತು ಎಂದು ಹೊಗಳಿದರು. ಆಮೇಲೆ ದನಿ ಇಳಿಸಿದರು. "ಆದರೆ ಅತಿಥಿ ಕೊನೆಯತನಕ ಬೇಡ ಎಂದರು. ಜಶುಬೆನ್ ಅವರ ಬಾಯಿಗೆ ತುರುಕಿದರು. ಒಬ್ಬರ ಒಪ್ಪಿಗೆ ಇಲ್ಲದೆ ನಡೆದದ್ದನ್ನು ಮುಗಿದ ಕೆಲಸ ಎಂದು ನಾನು ಹೇಗೆ ಬರೆಯಲಿ?"

ಬಾಯಿತುಂಬ ಹೂಂ ಎಂದು ತಿಂದವನನ್ನು ನಾವು ಹೊಟ್ಟೆಬಾಕ ಎನ್ನುತ್ತೇವೆ, ಬೇಡ ಬೇಡ ಎನ್ನುತ್ತ ತಿಂದವನೇ ಸಂಭಾವಿತ ಎಂದು ಆ ಪುಣ್ಯಾತ್ಗಿತ್ತಿಗೆ ಹೇಗೆ ತಿಳಿಸುವುದು? ಅವರೇ ಮುಂದುವರಿದು, "ಬೇಕಿದ್ದರೆ ನಾಳೆ ಬೆಳಿಗ್ಗೆ ಇನ್ನೊಂದು ಪಾಠ ಮಾಡಿ. ನಾನು ಬಂದು ನೋಡುತ್ತೇನೆ. ಮಾಡುತ್ತೀರಾ?" ಎಂದರು.

ಶೋಭಾ ಕಣ್ಣ ಮುಂದೆ ಬಂದಳು. ಮಾಡುತ್ತೇನೆ ತಾಯಿ, ಕಾಲಿಗೆ ಬಿದ್ದು ಮಾಡುತ್ತೇನೆ ಎಂದು ಒಳಗೆ ಜೀವ ಕೂಗಿತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು ನಕ್ಕಿತು. "ನೋ, ನೋ, ಮೇಡಂ. ನಿಮಗೇಕೆ ತೊಂದರೆ" ಎಂದಿತು.

ತಲೆ ತಗ್ಗಿಸಿ ಕಾದೆ. ಪಕ್ಕದಲ್ಲಿ ಚೌಗುಲೆ ಸರ್ ಕೂಡ ತಲೆ ತಗ್ಗಿಸಿದ್ದರು.

"ಸರಿ. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ" ಎಂದು ಮೇಡಂ ಎದ್ದು ನಿಂತು ಬಾಗಿಲು ತೆರೆದರು.

ಹೊರಗೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಎರಡನೇ ಸಲ ಕೇಳ್ತಾರಂತ ನಾನೂ ಸುಮ್ಮ ನಿಂತಿದ್ನ್ರಿ" ಎಂದರು ಸರ್. ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿತ್ತು? ಒಂದು ತಾಸು ಹಿಂದೆಮುಂದೆ ನೋಡಿ, ಮರ್ಯಾದೆ ಬಿಟ್ಟು ಮತ್ತೆ ಬಾಗಿಲು ಬಡಿದೆ. ಆ ವೇಳೆಯನ್ನು ಆಗಲೇ ಘಾನಾ ದೇಶದ ಮಾಸ್ತರರಿಗೆ ಕೊಟ್ಟಾಯಿತು ಎಂದರು ಮೇಡಂ. ಅವರ ಪಾಠವೂ ಕೆಟ್ಟಿತ್ತಂತೆ, ಆದರೆ ಅವರು ಕೇಳಿದೊಡನೆ ಹೂಂ ಎಂದರಂತೆ.

ಆ ಸಂಜೆ ಡೋರೀನ್ ಬಟಾಟೆ ಬೇಕೇ ಎಂದು ಕೇಳಿದಾಗ "ಯೆಸ್" ಎಂದೆ. ಮತ್ತೆ ಬೇಕೇ ಎಂದಾಗ ಮತ್ತೆ "ಯೆಸ್" ಎಂದೆ. ಪಾತ್ರೆ ಬರಿದಾಗುವತನಕ ಅಳುತ್ತ ತಿಂದೆ. ಉಪ್ಪು ಮಾತ್ರ ಆ ದಿನ ಸರಿಯಾಗಿತ್ತು.

ಮರಳಿ ರಾಯಬಾಗ

ಕಮಿಟಿ ಮೀಟಿಂಗು. ಸದಸ್ಯರೆಲ್ಲ ನನ್ನ ಪ್ರವಾಸದ ಕಥೆ ಕೇಳಲು ಬಂದಿದ್ದರು. ಚೇರಮನ್ನರು ತಂಬಾಕು ತಿಕ್ಕುತ್ತ, "ಎಲ್ಲೈತ್ರಿ ಸರ್ಟಿಫಿಕೇಟ?" ಎಂದರು. ಇಲ್ಲ ಎಂದೆ. ತಮಗಾದ ಸಂತೋಷವನ್ನು ತಂಬಾಕಿನ ಜೊತೆ ದವಡೆಗೆ ಒತ್ತಿಕೊಂಡರು.

"ನಾ ಏನ ಹೇಳಿದ್ನಿ? ಇರ್ಲಿ ಬಿಡ್ರಿ, ನಿಮಗ ಬೇಜಾರಾಗೂದು ಬ್ಯಾಡ." ಪಕ್ಕದಲ್ಲಿ ಶೋಭಾ ಸೆರಗಿನ ತುದಿ ಸುತ್ತುತ್ತ ಕುಳಿತಿದ್ದಳು. ನಿಲ್ದಾಣದಲ್ಲಿ ಕೇಳಿದ ಪ್ರಶ್ನೆಯನ್ನು ಅವಳು ಮತ್ತೆ ಕೇಳಿರಲಿಲ್ಲ. ಮೀಟಿಂಗಿನ ಕೊನೆಗೆ ಚೇರಮನ್ನರು ಪೆನ್ನು ತೆಗೆದು, ಸದಸ್ಯರೆಲ್ಲರಿಗೂ ಕೇಳುವಂತೆ, ತಮ್ಮ ಮಾಮೂಲಿ ಮರ್ಯಾದೆ ತೋರಿಸಿದರು. "ಮುಂದಿನ ಟ್ರೇನಿಂಗಿಗೆ ಗಂಡಸೂರ ಹೆಸರ ಬರಿಯೂದೈತಿ. ಆದ್ರೂ ಎಲ್ಲಾರ ಮುಂದ ಕೇಳತೀನಿ, ನಾಳೆ ಕೇಳಲಿಲ್ಲ ಅನಬ್ಯಾಡ್ರಿ. ನಿಮ್ಮ ಸಾಲಿಯಿಂದ ಯಾರರ ಹೋಗಾವರು ಅದೀರೇನು?"

ಎಷ್ಟು ವರ್ಷದಿಂದ ಕೇಳುತ್ತ ಬಂದಿದ್ದ ದನಿ ಅದು! ಆ ದಿನ ಮೊದಲ ಸಲ ಅದರ ಹೂರಣ ತಿಳಿಯಿತು. ಬಿಡದೆ ಕೇಳುವ ಊರಿನವರು ನಾವು, ರೊಟ್ಟಿಗಾದರೆ ಸಾಯುವತನಕ ಕೇಳುತ್ತೇವೆ. ಆದರೆ ಈ ಮನುಷ್ಯ ನಮ್ಮನ್ನು ಎಂದೂ ಎರಡನೆಯ ಸಲ ಕೇಳಿದವರಲ್ಲ. ಮಾರ್ಗರೆಟ್ ಮೇಡಂ ನನ್ನ ಬೇಡವನ್ನು ನಂಬಿದ್ದರು. ಇವರು ನಮ್ಮ ಬೇಡವನ್ನು ನೆಚ್ಚಿಕೊಂಡೇ ಕೇಳುತ್ತಿದ್ದರು.

ಶೋಭಾ ತಲೆ ತಗ್ಗಿಸಿ ಬಾಯಿ ತೆರೆದಳು. "ಬ್ಯಾ..." ಎನ್ನುವಷ್ಟರಲ್ಲಿ ಬೆಂಚಿನ ಕೆಳಗೆ ಅವಳ ತೊಡೆ ಚಿವುಟಿದೆ. ನಮ್ಮವ್ವ ಚಿವುಟಿದ್ದಕ್ಕಿಂತ ಜೋರಾಗಿ.

"ಅದೀವ್ರಿ" ಎಂದೆ. "ಶೋಭಾ ಹೋಗ್ತಾಳ. ಬರಕೊಳ್ರಿ."

ತಂಬಾಕು ಒತ್ತಿಕೊಂಡಿದ್ದ ಚೇರಮನ್ನರ ದವಡೆ ನಿಂತಿತು. "ಅಲ್ರಿ ಅಕ್ಕೋರ, ನಾ ಸುಮ್ನ ಒಂದ ಮಾತ ಕೇಳಿದ್ನಿ..."

"ನೀವು ಕೇಳಿದ್ರಿ, ನಾವು ಹೂಂ ಅಂದ್ವಿ. ಎಲ್ಲಾರೂ ಕೇಳ್ಯಾರ. ಟಾಸ್ಕ್ ಮುಗೀತ್ರಿ."

ಮೂಲೆಯಲ್ಲಿದ್ದ ಹಿರಿಯ ಸದಸ್ಯರೊಬ್ಬರು ಕೆಮ್ಮಿ, "ಕೇಳಿದ ಮ್ಯಾಲ ಬರೀಬೇಕಪಾ" ಎಂದರು. ಚೇರಮನ್ನರು ನನ್ನನ್ನು ನೋಡಿದರು, ಸದಸ್ಯರನ್ನು ನೋಡಿದರು, ಪೆನ್ನಿನ ಟೊಪ್ಪಿಗೆ ತೆಗೆದರು. ಶೋಭಾ ತೊಡೆ ಉಜ್ಜಿಕೊಳ್ಳುತ್ತ ತನ್ನ ಪೂರ್ತಿ ಹೆಸರು ಹೇಳಿದಳು.